ಮೆಲನೋಮ ಶಸ್ತ್ರಕ್ರಿಯೆಯ ಅನಂತರ: ಲಸಿಕೆ ಮತ್ತು ಔಷಧಗಳ ಜಂಟಿ ಚಿಕಿತ್ಸೆಯ ಪರೀಕ್ಷೆ

ಮಚ್ಚೆಯನ್ನು ಕುರಿತು ಜನರಲ್ಲಿ ಹಲವು ನಂಬಿಕೆಗಳಿವೆ. ಅಂಗಾಲಿನಲ್ಲಿ ಮಚ್ಚೆಯುಳ್ಳವರಿಗೆ ದೇಶಸಂಚಾರದ ಯೋಗವೆಂದು ಹಿರಿಯರು ಹೇಳುವುದುಂಟು. ವೈದ್ಯಶಾಸ್ತ್ರದ ದೃಷ್ಟಿಯಲ್ಲಾದರೋ ಮಚ್ಚೆಯೆಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪುಗೂಡಿರುವ ಸ್ಥಳ, ಅಷ್ಟೆ. ಎಳೆಯ ವಯಸ್ಸಿನಲ್ಲಿ ಮೂಡಿ, ಬದಲಾವಣೆ ಹೊಂದದೆ ಉಳಿದಿರುವ ಮಚ್ಚೆಗಳಿಂದ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಆದರೆ ಅಪರೂಪಕ್ಕೊಮ್ಮೆ ಈ ವರ್ಣಕೋಶಗಳು ದೇಹದ ಕಟ್ಟುಪಾಡನ್ನು ಮೀರಿ ಬೆಳೆಯತೊಡಗುತ್ತವೆ. ಇದ್ದ ಮಚ್ಚೆಯಲ್ಲಿಯೇ ಆಗಲಿ, ಮಚ್ಚೆಯಿಲ್ಲದ ಚರ್ಮದಲ್ಲಿಯೇ ಆಗಲಿ ಹೀಗೆ ಹುಟ್ಟುವ ಕ್ಯಾನ್ಸರಿಗೆ ಮೆಲನೋಮ ಎಂದು ಹೆಸರು.

ಚರ್ಮದ ಕ್ಯಾನ್ಸರುಗಳಲ್ಲಿ ಮೆಲನೋಮದ ಪಾಲು ಸ್ವಲ್ಪವೇ. ಆದರೂ ಪ್ರಾಣಾಪಾಯದ ದೃಷ್ಟಿಯಿಂದ ಅದಕ್ಕೆ ಮೊದಲ ಸ್ಥಾನ. ಶಸ್ತ್ರಕ್ರಿಯೆಯಿಂದ ಅದನ್ನು ಕತ್ತರಿಸಿ ತೆಗೆದ ಮೇಲೂ ಕೆಲವರಲ್ಲಿ ಅದು ಮರಳಿ ಬರುತ್ತದೆ. ಹಾಗೆ ಮರಳದಂತೆ ತಡೆಯಲು ರೋಗಿಯ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಲಸಿಕೆಯನ್ನೂ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರಾಸಾಯನಿಕ ಔಷಧವನ್ನೂ ಒಟ್ಟಿಗೆ ಕೊಟ್ಟರೆ ಹೇಗೆ ಎಂಬ ಪ್ರಶ್ನೆ ಅರ್ಧ ಶತಮಾನದಿಂದ ವೈದ್ಯರ ಮುಂದಿದೆ. ಈ ಪ್ರಶ್ನೆಯನ್ನು ಪರೀಕ್ಷಿಸಿದ ಬಗೆಯೂ, ದೊರೆತ ಉತ್ತರವೂ, ಆ ಉತ್ತರದಿಂದ ರೋಗಿಗಳಿಗೆ ಆದ ಉಪಕಾರವೂ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿಗಳಾಗಿವೆ.

ಶಸ್ತ್ರಕ್ರಿಯೆಯ ಶಕ್ತಿ ಮತ್ತು ಮಿತಿ

ಮೆಲನೋಮಕ್ಕೆ ಮೊದಲ ಮತ್ತು ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಗಡ್ಡೆಯನ್ನು ಅದರ ಸುತ್ತಲಿನ ಸ್ವಲ್ಪ ಆರೋಗ್ಯವಂತ ಚರ್ಮದೊಡನೆ ಕತ್ತರಿಸಿ ತೆಗೆಯುತ್ತಾರೆ. ಮುಂದೇನಾಗಬಹುದು ಎಂಬುದನ್ನು ತಿಳಿಯಲು ಬಹುಮಟ್ಟಿಗೆ ಸಹಾಯಕವಾಗುವುದು ಗಡ್ಡೆಯ ಅಗಲವಲ್ಲ, ಅದರ ಆಳ. ಅಲೆಕ್ಸಾಂಡರ್ ಬ್ರೆಸ್ಲೊ ಎಂಬ ಅಮೆರಿಕದ ರೋಗವಿಜ್ಞಾನಿ 1970ರಲ್ಲಿ ಈ ಅಂಶವನ್ನು ತೋರಿಸಿಕೊಟ್ಟರು. ಅಂದಿನಿಂದ ಗಡ್ಡೆಯ ದಪ್ಪವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಪದ್ಧತಿ ಬಂದಿದೆ. ಒಂದು ಮಿಲಿಮೀಟರಿಗಿಂತ ತೆಳುವಾದ ಹಂತದಲ್ಲಿಯೇ ತೆಗೆದುಹಾಕಿದರೆ ಹತ್ತು ರೋಗಿಗಳಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ.

ಗಡ್ಡೆ ಆಳಕ್ಕೆ ಇಳಿದಂತೆಲ್ಲ ಅದರ ಕೋಶಗಳು ದುಗ್ಧನಾಳಗಳ ಮೂಲಕ ಹೊರಟು ಹತ್ತಿರದ ದುಗ್ಧಗ್ರಂಥಿಗಳನ್ನು ಸೇರುವ ಸಂಭವ ಹೆಚ್ಚುತ್ತದೆ. ಕಾಲಿನ ಗಡ್ಡೆಯಾದರೆ ತೊಡೆಸಂದಿನ ಗ್ರಂಥಿಗಳಿಗೂ, ಕೈಯ ಗಡ್ಡೆಯಾದರೆ ಕಂಕುಳಿನ ಗ್ರಂಥಿಗಳಿಗೂ ರೋಗ ಹರಡುತ್ತದೆ. ಮೊತ್ತಮೊದಲು ಯಾವ ಗ್ರಂಥಿಗೆ ಹರಡಬಹುದೆಂಬುದನ್ನು ನೀಲಿ ಬಣ್ಣದ ಚುಚ್ಚುಮದ್ದಿನ ಸಹಾಯದಿಂದ ಗುರುತಿಸಿ, ಅದೊಂದನ್ನೇ ತೆಗೆದು ಪರೀಕ್ಷಿಸುವ ವಿಧಾನವನ್ನು ಡೊನಾಲ್ಡ್ ಮಾರ್ಟನ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಂಗಡಿಗರು 1992ರಲ್ಲಿ ಪ್ರಕಟಿಸಿದರು.

ಗ್ರಂಥಿಗಳಲ್ಲಿ ರೋಗ ಕಂಡಿತೆಂದರೆ, ಕಣ್ಣಿಗೆ ಕಾಣುವ ಎಲ್ಲವನ್ನೂ ತೆಗೆದ ಬಳಿಕವೂ ಯಾವ ಯಂತ್ರಕ್ಕೂ ಕಾಣದ ಬೆರಳೆಣಿಕೆಯ ಕೋಶಗಳು ಶ್ವಾಸಕೋಶದಲ್ಲೋ ಯಕೃತ್ತಿನಲ್ಲೋ ಅಡಗಿರಬಹುದು. ಹೊಲದಲ್ಲಿ ಕಳೆಯನ್ನು ಕಿತ್ತ ಮೇಲೂ ಮಣ್ಣಿನಲ್ಲಿ ಬೀಜ ಉಳಿಯುವಂತೆ ಇದು. ಶಸ್ತ್ರವೈದ್ಯನ ಕತ್ತಿ ಅಲ್ಲಿಗೆ ತಲುಪಲಾರದು. ಈ ಅಳಿದುಳಿದ ಕೋಶಗಳನ್ನು ನಾಶಪಡಿಸಲು ಶಸ್ತ್ರಕ್ರಿಯೆಯ ಅನಂತರ ಕೊಡುವ ಚಿಕಿತ್ಸೆಗೆ ಪೂರಕ ಚಿಕಿತ್ಸೆ ಎನ್ನುತ್ತಾರೆ.

ಎರಡು ಆಯುಧಗಳು

1970ರ ದಶಕದಲ್ಲಿ ಪೂರಕ ಚಿಕಿತ್ಸೆಗಾಗಿ ವೈದ್ಯರ ಕೈಯಲ್ಲಿ ಎರಡು ಆಯುಧಗಳಿದ್ದವು. ಮೊದಲನೆಯದು ಡಕಾರ್ಬಜೀನ್ ಎಂಬ ರಾಸಾಯನಿಕ ಔಷಧ. ಇದು ರಕ್ತನಾಳದ ಮೂಲಕ ದೇಹವನ್ನು ಸೇರಿ, ವಿಭಜನೆ ಹೊಂದುತ್ತಿರುವ ಕೋಶಗಳ ವಂಶವಾಹಿ ದ್ರವ್ಯವಾದ ಡಿಎನ್‌ಎಯನ್ನು ಕೆಡಿಸುತ್ತದೆ. ದೇಹದಲ್ಲೆಲ್ಲ ಹರಡಿದ ಮೆಲನೋಮಕ್ಕಾಗಿ ಇದನ್ನು ಬಳಸಲು ಅಮೆರಿಕದ ಸರ್ಕಾರ 1975ರಲ್ಲಿ ಅನುಮತಿ ನೀಡಿತು. ಆದರೆ ಐದಾರು ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಗಡ್ಡೆ ಕುಗ್ಗುತ್ತಿತ್ತು, ಅದೂ ಬಹುತೇಕ ಕೆಲವು ತಿಂಗಳ ಮಟ್ಟಿಗೆ. ತೀವ್ರವಾದ ವಾಕರಿಕೆ, ವಾಂತಿ ಮತ್ತು ರಕ್ತಕಣಗಳ ಇಳಿಕೆ ಇದರ ದುಷ್ಪರಿಣಾಮಗಳು.

ಎರಡನೆಯದು ಬಿ.ಸಿ.ಜಿ. ಲಸಿಕೆ. ಭಾರತದಲ್ಲಿ ಕೂಸುಗಳ ಎಡತೋಳಿಗೆ ಹಾಕುವ ಕ್ಷಯದ ಲಸಿಕೆಯೇ ಇದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು ಸಿದ್ಧಪಡಿಸಿದ ಈ ಲಸಿಕೆಯನ್ನು 1921ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಇದರಲ್ಲಿರುವುದು ಜೀವಂತವಾದ, ಆದರೆ ಶಕ್ತಿಗುಂದಿದ ರೋಗಾಣು. ಅದು ದೇಹವನ್ನು ಹೊಕ್ಕಾಗ ರೋಗನಿರೋಧಕ ವ್ಯವಸ್ಥೆ ಒಟ್ಟಾರೆಯಾಗಿ ಎಚ್ಚರಗೊಳ್ಳುತ್ತದೆ. ಊರಿಗೆ ಕಳ್ಳ ನುಗ್ಗಿದನೆಂದು ಡಂಗುರ ಸಾರಿದಾಗ ಮನೆಮನೆಯವರೂ ಎದ್ದು ಬರುವಂತೆ, ಬಿ.ಸಿ.ಜಿ.ಯಿಂದ ಎಚ್ಚೆತ್ತ ಬಿಳಿ ರಕ್ತಕಣಗಳು ಕ್ಯಾನ್ಸರ್ ಕೋಶಗಳ ಮೇಲೂ ಬೀಳಬಹುದೆಂಬುದು ಅಂದಿನ ತರ್ಕವಾಗಿತ್ತು.

ಈ ತರ್ಕಕ್ಕೆ ಆಧಾರವೂ ಇತ್ತು. 1970ರಲ್ಲಿ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ಚರ್ಮದ ಮೇಲಿನ ಮೆಲನೋಮದ ಗಂಟುಗಳೊಳಕ್ಕೆ ಬಿ.ಸಿ.ಜಿ.ಯನ್ನು ಚುಚ್ಚಿದಾಗ ಆ ಗಂಟುಗಳು ಕರಗಿದುದನ್ನು ವರದಿ ಮಾಡಿದರು. ಕೆಲವು ರೋಗಿಗಳಲ್ಲಿ ಚುಚ್ಚದೆ ಬಿಟ್ಟಿದ್ದ ಪಕ್ಕದ ಗಂಟುಗಳೂ ಕರಗಿದ್ದವು. ಪ್ಯಾರಿಸಿನ ಜಾರ್ಜ್ ಮಾತೆ ಎಂಬ ವೈದ್ಯರು 1969ರಲ್ಲಿಯೇ ರಕ್ತದ ಕ್ಯಾನ್ಸರಿನಲ್ಲಿ ಬಿ.ಸಿ.ಜಿ.ಯ ಉಪಯೋಗವನ್ನು ಕುರಿತು ಆಶಾದಾಯಕ ವರದಿಯನ್ನು ಪ್ರಕಟಿಸಿದ್ದರು.

ಔಷಧ ಶತ್ರುಗಳ ಸಂಖ್ಯೆಯನ್ನು ತಗ್ಗಿಸಲಿ, ಉಳಿದವರನ್ನು ಲಸಿಕೆಯಿಂದ ಎಚ್ಚೆತ್ತ ದೇಹವೇ ಮುಗಿಸಲಿ ಎಂಬ ಆಲೋಚನೆ ಆಕರ್ಷಕವಾಗಿತ್ತು. 1974ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯರು ದೇಹದಲ್ಲೆಲ್ಲ ಹರಡಿದ ಮೆಲನೋಮದ ರೋಗಿಗಳಿಗೆ ಈ ಎರಡನ್ನೂ ಸೇರಿಸಿ ಕೊಟ್ಟು, ಹಿಂದಿನ ವರ್ಷಗಳಲ್ಲಿ ಔಷಧವನ್ನಷ್ಟೇ ಪಡೆದಿದ್ದ ರೋಗಿಗಳಿಗಿಂತ ಇವರ ಸ್ಥಿತಿ ಉತ್ತಮವಾಗಿದೆಯೆಂದು ವರದಿ ಮಾಡಿದರು. ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಉತ್ಸಾಹ ಮೂಡಿತು.

ಹೋಲಿಕೆಯಲ್ಲಿ ಅಡಗಿರುವ ಮೋಸ

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಇಂದಿನ ರೋಗಿಗಳನ್ನು ಹಿಂದಿನ ವರ್ಷಗಳ ರೋಗಿಗಳೊಡನೆ ಹೋಲಿಸುವುದು ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಈ ನಡುವೆ ಶಸ್ತ್ರಕ್ರಿಯೆ ಸುಧಾರಿಸಿರಬಹುದು, ರೋಗವನ್ನು ಬೇಗ ಪತ್ತೆ ಹಚ್ಚುತ್ತಿರಬಹುದು, ಶುಶ್ರೂಷೆ ಉತ್ತಮಗೊಂಡಿರಬಹುದು. ಹೊಸ ಚಿಕಿತ್ಸೆಗೆ ಗಟ್ಟಿಮುಟ್ಟಾದ ರೋಗಿಗಳನ್ನೇ ವೈದ್ಯರು ಅರಿಯದೆ ಆರಿಸಿಕೊಂಡಿರಬಹುದು. ಆಗ ಉತ್ತಮ ಫಲ ಬಂದರೂ ಅದಕ್ಕೆ ಚಿಕಿತ್ಸೆಯೇ ಕಾರಣವೆಂದು ಹೇಳಲಾಗದು.

ಈ ಮೋಸದಿಂದ ಪಾರಾಗಲು ಇರುವ ದಾರಿ ಒಂದೇ. ಚಿಕಿತ್ಸೆಗೆ ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಬಿಡದೆ, ಗುಂಪುಗಳಾಗಿ ಹಂಚಬೇಕು. ವೃದ್ಧರು ಮತ್ತು ಎಳೆಯರು, ಆಳವಾದ ಗಡ್ಡೆಯವರು ಮತ್ತು ತೆಳುವಾದ ಗಡ್ಡೆಯವರು ಎಲ್ಲ ಗುಂಪುಗಳಲ್ಲಿಯೂ ಸರಿಸಮವಾಗಿ ಹಂಚಿಹೋಗುತ್ತಾರೆ. ಅನಂತರ ಗುಂಪುಗಳ ನಡುವೆ ವ್ಯತ್ಯಾಸ ಕಂಡರೆ ಅದು ಚಿಕಿತ್ಸೆಯಿಂದಲೇ ಉಂಟಾದುದೆಂದು ನಂಬಲು ಆಧಾರ ದೊರೆಯುತ್ತದೆ.

ಬಿ.ಸಿ.ಜಿ. ಲಸಿಕೆಯ ವಿಷಯದಲ್ಲಿಯೇ ಇಂಥ ಹೋಲಿಕೆಯ ಮಹತ್ವವನ್ನು ಭಾರತವು ಜಗತ್ತಿಗೆ ತೋರಿಸಿಕೊಟ್ಟಿದೆ. ಮದರಾಸಿನ ಸಮೀಪದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಬಿ.ಸಿ.ಜಿ.ಯನ್ನಾಗಲಿ ಔಷಧವಿಲ್ಲದ ಚುಚ್ಚುಮದ್ದನ್ನಾಗಲಿ ಹೀಗೆ ಹಂಚಿ ಕೊಡಲಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಆ ಲಸಿಕೆ ತಡೆಯಲಿಲ್ಲವೆಂಬ ಅನಿರೀಕ್ಷಿತ ಫಲಿತಾಂಶ 1979ರಲ್ಲಿ ಪ್ರಕಟವಾಯಿತು. ಕೂಸುಗಳಿಗೆ ಬರುವ ತೀವ್ರರೂಪದ ಕ್ಷಯದಿಂದ ರಕ್ಷಣೆ ನೀಡುವುದರಿಂದ ಲಸಿಕೆಯ ಬಳಕೆ ಇಂದಿಗೂ ಮುಂದುವರಿದಿದೆ. ಎಲ್ಲರೂ ನಂಬಿದ್ದನ್ನೂ ಪರೀಕ್ಷೆಗೆ ಒಡ್ಡಬೇಕೆಂಬುದಕ್ಕೆ ಇದೊಂದು ನಿದರ್ಶನ.

ನಾಲ್ಕು ಗುಂಪುಗಳ ಪರೀಕ್ಷೆ

ಮೆಲನೋಮದಲ್ಲಿ ಇಂಥ ಪರೀಕ್ಷೆಯನ್ನು ಕೈಗೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಮೆಲನೋಮ ಬಳಗದ ವೈದ್ಯರು. ಇಟಲಿಯ ಮಿಲಾನ್ ನಗರದ ಪ್ರಖ್ಯಾತ ಶಸ್ತ್ರವೈದ್ಯ ಉಂಬೆರ್ಟೊ ವೆರೊನೇಸಿ ಇದರ ಮುಂದಾಳು. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆ ಮುಗಿದು, ರೋಗ ಮರುಕಳಿಸುವ ಅಪಾಯ ಹೆಚ್ಚಾಗಿದ್ದ 931 ರೋಗಿಗಳನ್ನು ನಾಲ್ಕು ಗುಂಪುಗಳಾಗಿ ಹಂಚಲಾಯಿತು. ಮೊದಲನೆಯ ಗುಂಪಿಗೆ ಶಸ್ತ್ರಕ್ರಿಯೆಯ ಅನಂತರ ಯಾವ ಚಿಕಿತ್ಸೆಯೂ ಇಲ್ಲ. ಎರಡನೆಯದಕ್ಕೆ ಡಕಾರ್ಬಜೀನ್. ಮೂರನೆಯದಕ್ಕೆ ಬಿ.ಸಿ.ಜಿ. ಲಸಿಕೆ. ನಾಲ್ಕನೆಯದಕ್ಕೆ ಎರಡೂ.

ನಾಲ್ಕು ಗುಂಪುಗಳನ್ನು ಮಾಡಿದುದರ ಔಚಿತ್ಯವನ್ನು ಗಮನಿಸಬೇಕು. ಜಂಟಿ ಚಿಕಿತ್ಸೆ ಪಡೆದವರನ್ನು ಏನೂ ಪಡೆಯದವರೊಡನೆ ಮಾತ್ರ ಹೋಲಿಸಿದ್ದರೆ, ಗುಣ ಕಂಡಾಗ ಅದು ಲಸಿಕೆಯಿಂದಲೋ, ಔಷಧದಿಂದಲೋ, ಇಬ್ಬರ ಕೂಟದಿಂದಲೋ ಎಂದು ತಿಳಿಯುತ್ತಿರಲಿಲ್ಲ. ನಾಲ್ಕು ಗುಂಪುಗಳಿದ್ದುದರಿಂದ ಮೂರು ಪ್ರಶ್ನೆಗಳಿಗೂ ಒಂದೇ ಪರೀಕ್ಷೆಯಲ್ಲಿ ಉತ್ತರ ಸಿಕ್ಕುವಂತಾಯಿತು.

1982ರಲ್ಲಿ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯೊಂದರಲ್ಲಿ ಫಲಿತಾಂಶ ಪ್ರಕಟವಾಯಿತು. ರೋಗ ಮರುಕಳಿಸದೆ ಇದ್ದ ಅವಧಿಯಲ್ಲಾಗಲಿ, ಬದುಕುಳಿದವರ ಸಂಖ್ಯೆಯಲ್ಲಾಗಲಿ ನಾಲ್ಕು ಗುಂಪುಗಳ ನಡುವೆ ಗಣನೀಯವಾದ ವ್ಯತ್ಯಾಸವಿರಲಿಲ್ಲ. ಅಮೆರಿಕದಲ್ಲಿ ಪ್ರತ್ಯೇಕವಾಗಿ ನಡೆದ ಮತ್ತೊಂದು ಪರೀಕ್ಷೆಯಲ್ಲಿ 734 ರೋಗಿಗಳು ಭಾಗವಹಿಸಿದ್ದರು. ಅವರನ್ನು ದಶಕಗಳ ಕಾಲ ಗಮನಿಸಿ 2004ರಲ್ಲಿ ಹೊರಬಂದ ವರದಿಯೂ ಅದನ್ನೇ ಹೇಳಿತು. ಬಿ.ಸಿ.ಜಿ.ಯಿಂದ ಪ್ರಯೋಜನವಿಲ್ಲ, ಅದಕ್ಕೆ ಡಕಾರ್ಬಜೀನನ್ನು ಸೇರಿಸುವುದರಿಂದಲೂ ಪ್ರಯೋಜನವಿಲ್ಲ.

ಈ ಫಲಿತಾಂಶವನ್ನು ಸೋಲೆಂದು ಕರೆಯುವುದು ಸುಲಭ. ಆದರೆ ಏನನ್ನೂ ಪಡೆಯದ ಮೊದಲನೆಯ ಗುಂಪಿನ ರೋಗಿಗಳ ಕಡೆಯಿಂದ ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ. ತಮ್ಮನ್ನು ಕೈಬಿಡಲಾಗಿದೆ, ಪಕ್ಕದ ಹಾಸಿಗೆಯವರಿಗೆ ದೊರೆತದ್ದು ತಮಗೆ ದೊರೆಯಲಿಲ್ಲ ಎಂದು ಅವರಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ವಾಸ್ತವವಾಗಿ ಅವರು ಕಳೆದುಕೊಂಡದ್ದು ಏನೂ ಇಲ್ಲ. ಔಷಧದ ವಾಂತಿ ಸಂಕಟಗಳಿಂದಲೂ, ಲಸಿಕೆಯ ಹುಣ್ಣು ಜ್ವರಗಳಿಂದಲೂ ಅವರು ಪಾರಾದರು. ಅವರೂ ಅವರ ಸಂಗಡಿಗರೂ ಪರೀಕ್ಷೆಗೆ ಒಪ್ಪದಿದ್ದರೆ, ನಿಷ್ಪ್ರಯೋಜಕವಾದ ಚಿಕಿತ್ಸೆಯನ್ನು ಮುಂದಿನ ತಲೆಮಾರುಗಳ ಸಾವಿರಾರು ರೋಗಿಗಳು ಉಪಯುಕ್ತವೆಂದೇ ನಂಬಿ ಅನುಭವಿಸಬೇಕಾಗುತ್ತಿತ್ತು.

ಏಕೆ ಫಲಿಸಲಿಲ್ಲ?

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಹೇಳಬಹುದು. ಬಿ.ಸಿ.ಜಿ.ಯು ದೇಹವನ್ನು ಎಚ್ಚರಿಸುವುದೇನೋ ನಿಜ, ಆದರೆ ಶತ್ರು ಯಾರೆಂಬುದನ್ನು ಅದು ತೋರಿಸಿಕೊಡುವುದಿಲ್ಲ. ಲಸಿಕೆಯನ್ನು ನೇರವಾಗಿ ರೋಗವಿರುವೆಡೆಗೇ ಕೊಟ್ಟಾಗ ಅದರ ಪರಿಣಾಮ ಬೇರೆ. ಮೂತ್ರಕೋಶದ ಒಳಪದರದ ಕ್ಯಾನ್ಸರಿನಲ್ಲಿ ಮೂತ್ರಕೋಶದೊಳಕ್ಕೆ ಬಿ.ಸಿ.ಜಿ.ಯನ್ನು ತುಂಬುವ ಚಿಕಿತ್ಸೆಯನ್ನು 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ವರದಿ ಮಾಡಿದರು. ಅದು ಇಂದಿಗೂ ಬಳಕೆಯಲ್ಲಿದೆ. ಮೆಲನೋಮದಲ್ಲಿ ಉಪಯೋಗಕ್ಕೆ ಬಾರದ ಲಸಿಕೆಯೇ ಅಲ್ಲಿ ರೋಗಿಗಳ ಮೂತ್ರಕೋಶವನ್ನು ಉಳಿಸುತ್ತಿದೆ.

ಎರಡನೆಯ ಕಾರಣ ಜಂಟಿ ಚಿಕಿತ್ಸೆಯ ಒಳಗೇ ಇರುವ ವಿರೋಧ. ರಾಸಾಯನಿಕ ಔಷಧಗಳು ವೇಗವಾಗಿ ವಿಭಜನೆ ಹೊಂದುವ ಕೋಶಗಳನ್ನು ಕೊಲ್ಲುತ್ತವೆ. ಲಸಿಕೆಯಾದರೋ ರೋಗನಿರೋಧಕ ಕಣಗಳು ವೇಗವಾಗಿ ವಿಭಜನೆ ಹೊಂದಿ ವೃದ್ಧಿಯಾಗುವಂತೆ ಮಾಡುತ್ತದೆ. ಕಾಲವನ್ನು ಗಮನಿಸದೆ ಎರಡನ್ನೂ ಕೊಟ್ಟರೆ, ಲಸಿಕೆ ಬೆಳೆಸಿದ ಸೈನ್ಯವನ್ನು ಔಷಧವೇ ಕೊಂದುಹಾಕುವ ಸಂಭವವುಂಟು.

ಹಾಗಾದರೆ ಕೂಟವೇ ತಪ್ಪೆ? ಹಾಗೇನೂ ಅಲ್ಲವೆಂದು ಅನಂತರದ ಸಂಶೋಧನೆ ಸೂಚಿಸಿತು. ರೋಗನಿರೋಧಕ ವ್ಯವಸ್ಥೆಯಲ್ಲಿ ಹೋರಾಡುವ ಕಣಗಳು ಇರುವಂತೆಯೇ, ಹೋರಾಟ ಮಿತಿಮೀರದಂತೆ ತಡೆಯುವ ನಿಗ್ರಹ ಕಣಗಳೂ ಇವೆ. ಅಮೆರಿಕದ ವಿಜ್ಞಾನಿ ರಾಬರ್ಟ್ ನಾರ್ತ್ 1982ರಲ್ಲಿ, ಸೈಕ್ಲೊಫಾಸ್ಫಮೈಡ್ ಎಂಬ ಔಷಧ ಇಲಿಗಳಲ್ಲಿ ಈ ನಿಗ್ರಹ ಕಣಗಳನ್ನು ತೆಗೆದುಹಾಕಿದಾಗ ಹೋರಾಡುವ ಕಣಗಳು ಬೇರೂರಿದ ಗಡ್ಡೆಯನ್ನೂ ಕರಗಿಸಬಲ್ಲವೆಂದು ತೋರಿಸಿದರು. ಅಂದರೆ ಔಷಧದ ಉಪಯೋಗ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದಷ್ಟೇ ಆಗಬೇಕಾಗಿಲ್ಲ. ಲಸಿಕೆ ಕೆಲಸ ಮಾಡಲು ನೆಲ ಹದಮಾಡಿಕೊಡುವುದೂ ಆಗಬಹುದು. ಬಿತ್ತುವ ಮುನ್ನ ಉಳಬೇಕು, ಬಿತ್ತಿದ ಮೇಲೆ ಉತ್ತರೆ ಬೆಳೆ ಹಾಳು.

ಕ್ರಮ ಮತ್ತು ಕಾಲದ ವಿಚಾರ

ಈ ವಿಚಾರವನ್ನು ಅನುಸರಿಸಿ 1980ರ ದಶಕದಲ್ಲಿ ಫಿಲಡೆಲ್ಫಿಯ ನಗರದ ಡೇವಿಡ್ ಬರ್ಡ್ ಮತ್ತು ಸಂಗಡಿಗರು ರೋಗಿಯ ಗಡ್ಡೆಯಿಂದಲೇ ತೆಗೆದ ಕೋಶಗಳನ್ನು ವಿಕಿರಣದಿಂದ ನಿಷ್ಕ್ರಿಯಗೊಳಿಸಿ, ಬಿ.ಸಿ.ಜಿ.ಯೊಡನೆ ಬೆರೆಸಿ ಲಸಿಕೆಯಾಗಿ ಬಳಸಿದರು. ಲಸಿಕೆಗೆ ಮೂರು ದಿನ ಮೊದಲು ಸೈಕ್ಲೊಫಾಸ್ಫಮೈಡನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಿದ್ದರು. ಕೆಲವು ರೋಗಿಗಳಲ್ಲಿ ಗಂಟುಗಳು ಕುಗ್ಗಿದವು. ಆದರೆ ದೊಡ್ಡ ಪ್ರಮಾಣದ ಹೋಲಿಕೆಯ ಪರೀಕ್ಷೆಯಿಂದ ಇದು ಸಿದ್ಧಪಟ್ಟಿಲ್ಲ.

1991ರಲ್ಲಿ ಬ್ರಸೆಲ್ಸ್ ನಗರದ ಥಿಯರಿ ಬೂನ್ ಮತ್ತು ಸಂಗಡಿಗರು ಮಹತ್ವದ ಶೋಧವೊಂದನ್ನು ಪ್ರಕಟಿಸಿದರು. ಮೆಲನೋಮ ಕೋಶಗಳ ಮೇಲೆ ಮಾನವನ ಟಿ-ಕಣಗಳು ಗುರುತಿಸಬಲ್ಲ ಒಂದು ಪ್ರತಿಜನಕವನ್ನು, ಎಂದರೆ ಶತ್ರುವಿನ ಚಹರೆಯಂತಿರುವ ಗುರುತನ್ನು, ಅವರು ಕಂಡುಹಿಡಿದರು. ಮುಂದೆ ಇಂಥ ಇನ್ನೂ ಹಲವು ಗುರುತುಗಳು ಪತ್ತೆಯಾದವು. ಬರಿದೆ ಡಂಗುರ ಸಾರುವ ಬದಲು ಕಳ್ಳನ ಭಾವಚಿತ್ರವನ್ನೇ ಕಾವಲುಗಾರರ ಕೈಗೆ ಕೊಡುವಂಥ ಲಸಿಕೆಗಳು ಸಾಧ್ಯವಾದವು.

ರೋಮಿನ ಸಂಶೋಧಕರು ಇಂಥ ಎರಡು ಗುರುತುಗಳನ್ನು ಬಳಸಿ, ಶಸ್ತ್ರಕ್ರಿಯೆ ಮುಗಿದಿದ್ದ ಕೆಲವೇ ಮೆಲನೋಮ ರೋಗಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಕೆಲವರಿಗೆ ಲಸಿಕೆಯಷ್ಟೇ. ಇನ್ನು ಕೆಲವರಿಗೆ ಲಸಿಕೆಯ ಹಿಂದಿನ ದಿನ ಡಕಾರ್ಬಜೀನ್. 2009ರಲ್ಲಿ ಹೊರಬಂದ ವರದಿಯ ಪ್ರಕಾರ ಎರಡನ್ನೂ ಪಡೆದವರ ರಕ್ತದಲ್ಲಿ ಮೆಲನೋಮವನ್ನು ಗುರುತಿಸುವ ಟಿ-ಕಣಗಳು ಹೆಚ್ಚಿದ್ದವು. ಆ ಕಣಗಳ ವೈವಿಧ್ಯವೂ ಹೆಚ್ಚಿತೆಂದು 2010ರಲ್ಲಿ ಮತ್ತೊಂದು ವರದಿ ಹೇಳಿತು. 1982ರಲ್ಲಿ ಫಲ ಕೊಡದ ಔಷಧವೇ, ಕ್ರಮ ಮತ್ತು ಕಾಲ ಬದಲಾದಾಗ, ಲಸಿಕೆಗೆ ಒತ್ತಾಸೆಯಾಗಿ ನಿಂತಿತ್ತು.

ಆದರೆ ಇಲ್ಲಿಯೂ ಎಚ್ಚರ ಅಗತ್ಯ. ರಕ್ತದಲ್ಲಿ ಟಿ-ಕಣಗಳು ಹೆಚ್ಚುವುದು ಒಂದು ವಿಷಯ, ರೋಗ ಮರಳದಿರುವುದು ಇನ್ನೊಂದು, ರೋಗಿ ಹೆಚ್ಚು ಕಾಲ ಬದುಕುವುದು ಮತ್ತೊಂದು. ಮೊದಲನೆಯದನ್ನು ಸಣ್ಣ ಪರೀಕ್ಷೆಯಲ್ಲಿ ಅಳೆಯಬಹುದು. ಕೊನೆಯ ಎರಡನ್ನು ಅಳೆಯಲು ನೂರಾರು ರೋಗಿಗಳೂ ಹಲವು ವರ್ಷಗಳೂ ಬೇಕು. ಮೊದಲನೆಯದು ಸಿಕ್ಕ ಮಾತ್ರಕ್ಕೆ ಉಳಿದೆರಡೂ ಸಿಕ್ಕಿದಂತಲ್ಲ.

ಈ ಮಾತಿಗೆ ಲಸಿಕೆಗಳ ಇತಿಹಾಸವೇ ಸಾಕ್ಷಿ. ಮಾರ್ಟನ್ ಅವರು ಮೂರು ಬಗೆಯ ಮೆಲನೋಮ ಕೋಶಗಳಿಂದ ಸಿದ್ಧಪಡಿಸಿದ ಕ್ಯಾನ್‌ವ್ಯಾಕ್ಸಿನ್ ಎಂಬ ಲಸಿಕೆ ಆರಂಭದ ಅಧ್ಯಯನಗಳಲ್ಲಿ ಬಹಳ ಭರವಸೆ ಹುಟ್ಟಿಸಿತ್ತು. ಹಂಚಿಕೆಯ ದೊಡ್ಡ ಪರೀಕ್ಷೆಗಳಲ್ಲಿ ಪ್ರಯೋಜನ ಕಾಣದೆ 2005ರಲ್ಲಿ ಅವುಗಳನ್ನು ನಿಲ್ಲಿಸಲಾಯಿತು. ಮೇಜ್-ಎ3 ಎಂಬ ಗುರುತನ್ನು ಆಧರಿಸಿದ ಲಸಿಕೆಯನ್ನು ಗ್ರಂಥಿಗಳ ಶಸ್ತ್ರಕ್ರಿಯೆಯಾದ 1,300ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಅದೂ ರೋಗದ ಮರುಕಳಿಕೆಯನ್ನು ತಡೆಯಲಿಲ್ಲವೆಂದು 2013ರಲ್ಲಿ ತಿಳಿದುಬಂತು.

ಇಂದಿನ ಸ್ಥಿತಿ

ದೊಡ್ಡ ತಿರುವು ಬಂದದ್ದು ಬೇರೊಂದು ದಿಕ್ಕಿನಿಂದ. ಟಿ-ಕಣಗಳಿಗೆ ಗಾಡಿಯ ಬ್ರೇಕಿನಂಥ ತಡೆಗಳಿವೆಯೆಂದೂ, ಆ ತಡೆಯನ್ನು ಸಡಿಲಿಸಿದರೆ ಅವು ಕ್ಯಾನ್ಸರಿನ ಮೇಲೆ ಬೀಳುತ್ತವೆಂದೂ ಕಂಡುಕೊಂಡ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಡೆ ಸಡಿಲಿಸುವ ಇಪಿಲಿಮುಮಾಬ್ ಎಂಬ ಔಷಧವನ್ನು, ರೋಗ ದೇಹದಲ್ಲೆಲ್ಲ ಹರಡಿದ್ದ 676 ಮೆಲನೋಮ ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಬಂದಿತು. ಲಸಿಕೆಯನ್ನಷ್ಟೇ ಪಡೆದವರಲ್ಲಿ ಅರ್ಧದಷ್ಟು ಮಂದಿ ಬದುಕಿದ್ದುದು ಸುಮಾರು ಆರು ತಿಂಗಳು. ಔಷಧ ಪಡೆದವರಲ್ಲಿ ಈ ಅವಧಿ ಸುಮಾರು ಹತ್ತು ತಿಂಗಳು. ಔಷಧಕ್ಕೆ ಲಸಿಕೆಯನ್ನು ಸೇರಿಸಿದಾಗಲೂ ಅದು ಹತ್ತು ತಿಂಗಳೇ ಆಗಿತ್ತು. ಈ ಕೂಟದಲ್ಲಿ ಲಸಿಕೆಯಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಇಂದು ಶಸ್ತ್ರಕ್ರಿಯೆಯ ಅನಂತರ ಡಕಾರ್ಬಜೀನನ್ನಾಗಲಿ ಬಿ.ಸಿ.ಜಿ.ಯನ್ನಾಗಲಿ ಪೂರಕ ಚಿಕಿತ್ಸೆಯಾಗಿ ಕೊಡುವ ರೂಢಿಯಿಲ್ಲ. ಅಪಾಯ ಹೆಚ್ಚಿರುವ ರೋಗಿಗಳಿಗೆ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಎಂಬ ತಡೆ ಸಡಿಲಿಸುವ ಔಷಧಗಳನ್ನೂ, ಗಡ್ಡೆಯಲ್ಲಿ ಬಿ-ರಾಫ್ ಎಂಬ ವಂಶವಾಹಿಯ ಮಾರ್ಪಾಟು ಇದ್ದರೆ ಅದಕ್ಕೆ ತಕ್ಕ ಗುಳಿಗೆಗಳನ್ನೂ ಕೊಡುವುದುಂಟು. ಇವು ರೋಗ ಮರುಕಳಿಸುವುದನ್ನು ಕಡಿಮೆ ಮಾಡುತ್ತವೆಂಬುದು ಹಂಚಿಕೆಯ ಪರೀಕ್ಷೆಗಳಿಂದ ಸಿದ್ಧವಾಗಿದೆ.

ಲಸಿಕೆಯ ಆಸೆಯೂ ಅಳಿದಿಲ್ಲ. ಒಬ್ಬೊಬ್ಬ ರೋಗಿಯ ಗಡ್ಡೆಯಲ್ಲಿರುವ ವಿಶಿಷ್ಟ ಗುರುತುಗಳನ್ನು ಓದಿ, ಅವುಗಳಲ್ಲಿ 34ರವರೆಗೆ ಆರಿಸಿ, ಆ ರೋಗಿಗಾಗಿಯೇ ತಯಾರಿಸುವ ಎಂಆರ್‌ಎನ್‌ಎ ಲಸಿಕೆಯನ್ನು ಶಸ್ತ್ರಕ್ರಿಯೆಯಾದ 157 ರೋಗಿಗಳಲ್ಲಿ ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಲಾಗಿದೆ. ಎಲ್ಲರಿಗೂ ಪೆಂಬ್ರೊಲಿಜುಮಾಬ್ ಕೊಟ್ಟು, ಮೂರರಲ್ಲಿ ಎರಡು ಪಾಲು ಮಂದಿಗೆ ಲಸಿಕೆಯನ್ನೂ ಸೇರಿಸಲಾಗಿತ್ತು. ಹದಿನೆಂಟು ತಿಂಗಳ ಅನಂತರ ರೋಗ ಮರುಕಳಿಸದೆ ಇದ್ದವರು ಲಸಿಕೆ ಪಡೆದವರಲ್ಲಿ ಶೇಕಡ 79, ಪಡೆಯದವರಲ್ಲಿ ಶೇಕಡ 62. ಇದು ಚಿಕ್ಕ ಪರೀಕ್ಷೆ. ಹಿಂದಿನ ಅನುಭವದಿಂದ ಪಾಠ ಕಲಿತ ವೈದ್ಯರು ಇದರಿಂದಲೇ ತೃಪ್ತರಾಗದೆ, 2023ರಲ್ಲಿಯೇ ಹೆಚ್ಚು ರೋಗಿಗಳನ್ನೊಳಗೊಂಡ ಮೂರನೆಯ ಹಂತದ ಪರೀಕ್ಷೆಯನ್ನು ಆರಂಭಿಸಿದ್ದಾರೆ.

ಪರೀಕ್ಷೆಗೆ ಸೇರುವ ಮುನ್ನ

ಹೊಸ ಚಿಕಿತ್ಸೆಯ ಪರೀಕ್ಷೆಗೆ ಸೇರುವಿರಾ ಎಂದು ವೈದ್ಯರು ಕೇಳುವ ಸಂದರ್ಭ ಯಾವ ಕುಟುಂಬಕ್ಕೂ ಬರಬಹುದು. ತಮ್ಮನ್ನು ಪ್ರಯೋಗಶಾಲೆಯ ಇಲಿಯನ್ನಾಗಿ ಮಾಡುತ್ತಾರೆಂಬ ಭಯ ಒಂದು ಕಡೆ, ಹೊಸದೆಲ್ಲವೂ ಹಳೆಯದಕ್ಕಿಂತ ಮೇಲೆಂಬ ಭ್ರಮೆ ಇನ್ನೊಂದು ಕಡೆ. ಮೇಲೆ ಹೇಳಿದ ಇತಿಹಾಸ ಎರಡನ್ನೂ ದೂರ ಮಾಡಬಲ್ಲದು. ಸರಿಯಾಗಿ ರೂಪಿಸಿದ ಪರೀಕ್ಷೆಯಲ್ಲಿ, ಯಾವ ಗುಂಪು ಮೇಲೆಂಬುದು ಆರಂಭದಲ್ಲಿ ವೈದ್ಯರಿಗೂ ತಿಳಿದಿರುವುದಿಲ್ಲ. ತಿಳಿದಿದ್ದರೆ ಪರೀಕ್ಷೆ ನಡೆಸುವುದೇ ಅಧರ್ಮವಾಗುತ್ತಿತ್ತು.

ಭಾರತದಲ್ಲಿ ಚಿಕಿತ್ಸಾ ಪರೀಕ್ಷೆಗಳ ರಾಷ್ಟ್ರೀಯ ನೋಂದಣಿ 2007ರಲ್ಲಿ ಆರಂಭವಾಗಿ, 2009ರ ಜೂನ್ ತಿಂಗಳಿಂದ ಕಡ್ಡಾಯವಾಗಿದೆ. 2019ರ ನಿಯಮಗಳ ಪ್ರಕಾರ ನೀತಿ ಸಮಿತಿಯ ಒಪ್ಪಿಗೆ, ರೋಗಿಯ ಲಿಖಿತ ಸಮ್ಮತಿ, ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಇವೆಲ್ಲ ಅಗತ್ಯ. ಸಮ್ಮತಿ ಪಡೆಯುವ ಮುನ್ನ ವಿವರಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳತಕ್ಕದ್ದು. ಹೊರನಾಡಿನಲ್ಲಿ ನೆಲಸಿದ ಕನ್ನಡಿಗರು ಈ ಅಂಶವನ್ನು ವಿಶೇಷವಾಗಿ ನೆನಪಿಡಬೇಕು. ಮಗನ ಮನೆಗೆಂದು ಮುಂಬಯಿಗೋ ಹೈದರಾಬಾದಿಗೋ ಬಂದ, ಕನ್ನಡವನ್ನಷ್ಟೇ ಬಲ್ಲ ವೃದ್ಧ ತಾಯಿಯಿಂದ ಅರ್ಥವಾಗದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಸಮ್ಮತಿಯಲ್ಲ. ಕನ್ನಡದಲ್ಲಿ ವಿವರಿಸಬಲ್ಲವರನ್ನು ಒದಗಿಸಿರೆಂದು ಕೇಳುವ ಹಕ್ಕು ಆಕೆಗೂ ಆಕೆಯ ಮಕ್ಕಳಿಗೂ ಇದೆ.

ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿ ತಿಳಿದುಕೊಳ್ಳಬೇಕು. ಇದು ಎಷ್ಟನೆಯ ಹಂತದ ಪರೀಕ್ಷೆ? ಸುರಕ್ಷತೆಯನ್ನಷ್ಟೇ ನೋಡುವುದೋ, ಚಿಕಿತ್ಸೆಯ ಉಪಯೋಗವನ್ನೂ ಅಳೆಯುವುದೋ? ಹೋಲಿಕೆಯ ಗುಂಪಿಗೆ ಈಗ ಪ್ರಚಲಿತವಿರುವ ಉತ್ತಮ ಚಿಕಿತ್ಸೆ ದೊರೆಯುವುದೆ? ದುಷ್ಪರಿಣಾಮಗಳೇನು? ಖರ್ಚು ಯಾರದು? ನಡುವೆ ಹಿಂದೆ ಸರಿದರೆ ಎಂದಿನ ಚಿಕಿತ್ಸೆ ಮುಂದುವರಿಯುವುದೆ? ಕೊನೆಯ ಪ್ರಶ್ನೆಗೆ ಹೌದೆಂಬುದೇ ನಿಯಮಬದ್ಧವಾದ ಉತ್ತರ. ಪರೀಕ್ಷೆಯ ಹೊರಗೆ ಹಣ ಪಡೆದು, ಕ್ಯಾನ್ಸರಿಗೆ ರಾಮಬಾಣವಾದ ಲಸಿಕೆಯಿದೆಯೆಂದು ಹೇಳುವವರನ್ನು ಮಾತ್ರ ನೋಂದಣಿಯ ಸಂಖ್ಯೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ತೋರಿಸಿರೆಂದು ಕೇಳುವುದು ಕ್ಷೇಮ.

ಅಂಗಾಲನ್ನೂ ನೋಡಿಕೊಳ್ಳಬೇಕು

ಪೂರಕ ಚಿಕಿತ್ಸೆಗಳೆಲ್ಲ ತಡವಾಗಿ ಬಂದ ರೋಗಿಗಳಿಗಾಗಿ ಇರುವಂಥವು. ತೆಳುವಾದ ಹಂತದಲ್ಲಿ ಕಂಡುಕೊಂಡವರಿಗೆ ಬಹುಮಟ್ಟಿಗೆ ಶಸ್ತ್ರಕ್ರಿಯೆಯೊಂದೇ ಸಾಕು. ಮೆಲನೋಮವು ಬಿಳಿಯ ಚರ್ಮದವರಲ್ಲಿ ಹೆಚ್ಚು, ಭಾರತೀಯರಲ್ಲಿ ವಿರಳ. ಆದರೆ ಕಪ್ಪು ಮತ್ತು ಕಂದು ಚರ್ಮದವರಲ್ಲಿ ಅದು ಬಿಸಿಲು ಬೀಳದ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಅಲ್ಲಿ ಕಂಡಾಗ ಅದನ್ನು ಆಣಿಯೆಂದೋ, ಮುಳ್ಳು ನೆಟ್ಟ ಗಾಯವೆಂದೋ, ಬೆರಳು ಜಜ್ಜಿ ಕಟ್ಟಿದ ರಕ್ತವೆಂದೋ ಭಾವಿಸಿ ತಿಂಗಳುಗಟ್ಟಲೆ ಕಳೆಯುವುದುಂಟು. ಸುಣ್ಣ, ಸೋಡಾ ಅಥವಾ ಗೇರೆಣ್ಣೆ ಹಚ್ಚಿ ಸುಡುವವರೂ ಇದ್ದಾರೆ. ಇದು ಅಪಾಯಕರ.

ಮಚ್ಚೆಯ ಎರಡು ಅರ್ಧಗಳು ಒಂದೇ ಸಮನಾಗಿಲ್ಲದಿರುವುದು, ಅಂಚು ಅಂಕುಡೊಂಕಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, ಅಗಲ ಆರು ಮಿಲಿಮೀಟರನ್ನು ಮೀರಿರುವುದು, ದಿನೇ ದಿನೇ ಬದಲಾಗುತ್ತಿರುವುದು ಇವು ಎಚ್ಚರಿಕೆಯ ಚಿಹ್ನೆಗಳು. ಇವುಗಳಲ್ಲಿ ಬದಲಾವಣೆಯೇ ಪ್ರಧಾನ. ಕಂದು ಚರ್ಮದವರ ಹಲವು ಉಗುರುಗಳಲ್ಲಿ ಕಪ್ಪು ಗೆರೆಗಳಿರುವುದು ಸಹಜ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ಅಗಲವಾಗುತ್ತ, ಉಗುರಿನ ಬುಡದ ಚರ್ಮಕ್ಕೂ ಹರಡುವ ಕಪ್ಪನ್ನು ಉದಾಸೀನ ಮಾಡಬಾರದು. ಮಾಸದ ಹುಣ್ಣು, ತಾನಾಗಿ ರಕ್ತ ಒಸರುವ ಮಚ್ಚೆ, ತೊಡೆಸಂದಿನಲ್ಲಿ ನೋವಿಲ್ಲದೆ ಬೆಳೆಯುವ ಗಂಟು ಇವನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು. ಪರೀಕ್ಷೆಗಾಗಿ ಮಚ್ಚೆಯ ಚೂರನ್ನು ತೆಗೆದರೆ ಕ್ಯಾನ್ಸರ್ ಹರಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ವಾರಕ್ಕೊಮ್ಮೆ ಅಭ್ಯಂಜನದ ಹೊತ್ತಿನಲ್ಲಿ ಅಂಗಾಲು, ಬೆರಳಸಂದಿ ಮತ್ತು ಉಗುರುಗಳನ್ನು ಒಮ್ಮೆ ನೋಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು. ಬಗ್ಗಲಾರದ ಹಿರಿಯರ ಪಾದಗಳನ್ನು ಮನೆಯ ಕಿರಿಯರು ನೋಡಬೇಕು. ಲಸಿಕೆ ಮತ್ತು ಔಷಧಗಳ ಸರಿಯಾದ ಕೂಟಕ್ಕಾಗಿ ವಿಜ್ಞಾನಿಗಳ ಹುಡುಕಾಟ ನಡೆದೇ ಇದೆ. ಅದು ಕೈಗೂಡುವವರೆಗೂ, ಕೈಗೂಡಿದ ಮೇಲೂ, ಬೇಗ ಕಂಡುಕೊಂಡ ಮೆಲನೋಮಕ್ಕೆ ಶಸ್ತ್ರವೈದ್ಯರ ಕೈಯಲ್ಲಿರುವ ಸಣ್ಣ ಕತ್ತಿಯೇ ಎಲ್ಲಕ್ಕಿಂತ ದೊಡ್ಡ ಔಷಧ.